ಸಂಕಮ್ಮನ ಚಿತ್ರ ಬರೆಯುವವರಿಗೆ ಬಳಕೆಯ ಸೂಚನೆಗಳು

ಬಳಸುವ ಮುನ್ನ ಪೂರ್ತಿ ಓದಿ

ಈ ಕೈಪಿಡಿ ಹೂಗ್ಯಂ ಮತ್ತು ಅದರ ಆಸುಪಾಸಿನಲ್ಲಿ ಕುಂಚ ಹಿಡಿದವರಿಗಾಗಿ ಮಾತ್ರ. ಹನೂರು ತಾಲ್ಲೂಕಿನ ಈ ಊರು ತಮಿಳುನಾಡಿನ ಗಡಿಗೆ ಹತ್ತಿರ. ಮಲೆ ಮಹದೇಶ್ವರ ವನ್ಯಜೀವಿಧಾಮದ ಒಂದು ಅರಣ್ಯ ವಲಯ ಇದರ ಹೆಸರಿನಲ್ಲೇ ಇದೆ. ಬೇರೆ ಕಡೆಯವರು ಬಳಸಿ ಕೆಡಿಸಿಕೊಂಡರೆ ನಾವು ಹೊಣೆಯಲ್ಲ.

ನಿಮ್ಮ ಪರಿಸ್ಥಿತಿ ಹೀಗಿದೆ ಎಂದು ಭಾವಿಸಿದ್ದೇವೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆಗಳನ್ನು ಮಕ್ಕಳಿಗಾಗಿ ಸಣ್ಣ ಪುಸ್ತಕ ಮಾಡಬೇಕೆಂದು ಯಾರೋ ಹೊರಟಿದ್ದಾರೆ. ನಿಮಗೆ ಡ್ರಾಯಿಂಗ್ ಬರುತ್ತದೆ ಎಂಬ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿದೆ. ಅದರಲ್ಲಿ ಸಂಕಮ್ಮನ ಕಥೆ ಹೇಳುವ ಭಾಗಕ್ಕೆ, ಹಾಡುವವರ ಮಾತಿನಲ್ಲಿ ಸಂಕಮ್ಮನ ಸಾಲಿಗೆ, ಒಂದು ಪುಟಚಿತ್ರ ಬೇಕು. ಸಂಭಾವನೆ ಗೌರವ ಪ್ರತಿ ಎರಡು, ಬಿಡುಗಡೆಯ ದಿನ ಊಟ. ನೀವು ಒಪ್ಪಿಕೊಂಡಿದ್ದೀರಿ. ಈಗ ಬಿಳಿ ಹಾಳೆಯ ಮುಂದೆ ಕೂತು, ಬಿಟ್ಟುಹೋದ ಗಂಡ ಮತ್ತು ಉಳಿದುಹೋದ ಹೆಂಡತಿಯನ್ನು ಹಿಂದಿನವರು ಹೇಗೆ ಬರೆದಿದ್ದಾರೆ ಎಂದು ಯೋಚಿಸುತ್ತಿದ್ದೀರಿ. ಹಿಂದಿನವರು ನಿಮಗಾಗಿ ಒಂದು ಪೆಟ್ಟಿಗೆಯನ್ನೇ ಕಟ್ಟಿಟ್ಟಿದ್ದಾರೆ. ಮೊದಲು ಅದನ್ನು ಬಿಚ್ಚಿ ನೋಡೋಣ.

ಪೆಟ್ಟಿಗೆಯಲ್ಲಿ ಏನೇನಿದೆ

ಹೆಣ್ಣು, ಒಬ್ಬಳು. ಒರಗಿಕೊಳ್ಳಲು ಒಂದು ವಸ್ತು: ಕಂಬ, ಮರ ಅಥವಾ ಸಖಿಯ ಭುಜ. ತಾವರೆಯ ಕೊಳ, ಒಂದು. ಗುರುತಿನ ವಸ್ತು, ಯಾವುದಾದರೂ ಒಂದು: ಹಂಸ, ಉಂಗುರ, ತಾವರೆ ಎಲೆಯ ಮೇಲಿನ ಓಲೆ, ಹರಿದ ಅರ್ಧ ಸೀರೆ. ನೋಡುವುದಕ್ಕೆ ದೂರದ ದಿಕ್ಕು, ಒಂದು. ಗಂಡಸು ಈ ಪೆಟ್ಟಿಗೆಯಲ್ಲಿಲ್ಲ. ಬೇಕಾದವರು ಬೇರೆ ತರಿಸಿಕೊಳ್ಳತಕ್ಕದ್ದು.

ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ಒಂದೇ ಎಂದಿಲ್ಲ, ಆದರೆ ದೊಡ್ಡಕ್ಷರದಲ್ಲಿರುವುದು ರಾಜಾ ರವಿವರ್ಮನದು. 1899ರ ಹಂಸ ದಮಯಂತಿಯನ್ನು ನೀವು ಕ್ಯಾಲೆಂಡರಿನಲ್ಲೋ ಬೆಂಕಿಪೊಟ್ಟಣದಲ್ಲೋ ನೋಡಿಯೇ ಇರುತ್ತೀರಿ. ಕಾಲಿಗೆ ಚುಚ್ಚಿದ್ದನ್ನು ತೆಗೆಯುವ ನೆಪದಲ್ಲಿ ಹಿಂದಿರುಗಿ ನೋಡುವ ಶಕುಂತಲೆಯನ್ನೂ ನೋಡಿರುತ್ತೀರಿ. ಬೋರಲು ಮಲಗಿ ಓಲೆ ಬರೆಯುವ ಇನ್ನೊಬ್ಬ ಶಕುಂತಲೆ ಮೋನಿಯರ್ ವಿಲಿಯಮ್ಸ್ ಮಾಡಿದ ಶಾಕುಂತಲದ ಇಂಗ್ಲಿಷ್ ಅನುವಾದದ ಮೊದಲ ಪುಟಕ್ಕೆ ಹೋಗಿ ಕೂತಳು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಅಚ್ಚುಕೂಟ ಶುರುವಾದಾಗ ಮೊದಲು ಹೊರಬಿದ್ದದ್ದೂ ಶಕುಂತಲೆಯ ಜನನದ ಚಿತ್ರವೇ. ಅಲ್ಲಿಂದ ಮುಂದೆ ಈ ಹೆಂಗಸರು ಗೋಡೆಯಿಂದ ಪುಸ್ತಕಕ್ಕೂ ಪುಸ್ತಕದಿಂದ ಗೋಡೆಗೂ ಓಡಾಡತೊಡಗಿದರು. 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮದ ಪುಟಗಳಲ್ಲಿ, ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳಲ್ಲಿ ರೇಖೆ ಗಟ್ಟಿಯಾಯಿತು, ಮೈಕಟ್ಟು ತೆಳ್ಳಗಾಯಿತು. ಕಾರ್ಕಳದ ಅನಂತ ಪೈ 1967ರಲ್ಲಿ ಶುರುಮಾಡಿದ ಅಮರ ಚಿತ್ರ ಕಥೆಯಲ್ಲಿ ಶಕುಂತಲೆ, ನಳದಮಯಂತಿ, ಸಾವಿತ್ರಿ ಎಲ್ಲರಿಗೂ ಒಂದೊಂದು ಪುಸ್ತಕ ಸಿಕ್ಕಿತು. ಒರಗುವ ಕಂಬ ಮಾತ್ರ ಕದಲಲಿಲ್ಲ.

ಕದ್ದು ಬರೆಯುವುದು ತಪ್ಪು ಎಂದು ಹೇಳಲು ಇದನ್ನೆಲ್ಲ ಎತ್ತಿದ್ದಲ್ಲ. ಪುಸ್ತಕದ ಚಿತ್ರ ಎನ್ನುವ ಕಸುಬು ಬೆಳೆದದ್ದೇ ಹಾಗೆ. 1557ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಬರ್ನಾರ್ಡ್ ಸಾಲೊಮನ್ ಎಂಬಾತ ರೋಮಿನ ಕವಿ ಓವಿಡನ ರೂಪಾಂತರದ ಕಥೆಗಳಿಗೆ 178 ಪುಟ್ಟ ಮರದಚ್ಚಿನ ಚಿತ್ರ ಮಾಡಿದ. ಆರೇ ವರ್ಷದಲ್ಲಿ ಜರ್ಮನಿಯ ವಿರ್ಗಿಲ್ ಸೋಲಿಸ್ ಅವನ್ನೇ ನೋಡಿಕೊಂಡು ತನ್ನ ಅಚ್ಚು ಕೊರೆದ. ಮುಂದೆ ಯುರೋಪಿನ ಮಕ್ಕಳು ಪಿರಮಸ್ ಮತ್ತು ತಿಸ್ಬೆ ಸಾಯುವುದನ್ನು ಇವರಿಬ್ಬರ ಕಣ್ಣಿನಿಂದಲೇ ನೋಡಿದರು. ಆ ಕಥೆಯಲ್ಲಿ ಪ್ರೇಮಿಗಳು ಭೇಟಿಯಾಗಬೇಕಿದ್ದ ಮರ ಯಾವುದು ಗೊತ್ತೇ? ಹಿಪ್ಪುನೇರಳೆ. ಬಿಳಿಯ ಹಣ್ಣು ಅವರ ರಕ್ತ ತಾಗಿ ಕಪ್ಪುಗೆಂಪಾಯಿತಂತೆ. ಕೊಳ್ಳೇಗಾಲದ ಸೀಮೆಯ ರೇಷ್ಮೆಯವರು ದಿನಾ ಸೊಪ್ಪು ಕೊಯ್ಯುವ ಗಿಡದ ಬಗ್ಗೆ ಇಂಥ ಕಥೆಯೊಂದು ಇದೆ ಎಂದು ಅವರಿಗೆ ಹೇಳಿದರೆ, ಹುಳಕ್ಕೆ ಸೊಪ್ಪು ಬೇಕು, ಹಣ್ಣು ತಗೊಂಡು ಏನ್ ಮಾಡಾದು ಎಂದಾರು.

ಇರಲಿ. ಪೆಟ್ಟಿಗೆಯನ್ನು ಮತ್ತೊಮ್ಮೆ ಕೆದಕಿ ನೋಡಿ. ಹಂಸ ದಮಯಂತಿಯ ಹತ್ತಿರ ಬಂದದ್ದು ಮದುವೆಗೆ ಮುಂಚೆ. ಶಕುಂತಲೆಯ ಕಾಲಿಗೆ ದರ್ಭೆ ಚುಚ್ಚಿದ್ದು, ಅವಳು ಓಲೆ ಬರೆದದ್ದು, ಎಲ್ಲವೂ ಪ್ರೀತಿ ಹುಟ್ಟಿದ ಹೊಸತರಲ್ಲಿ. ನಾವು ದುರಂತ ಎಂದು ಕಣ್ಣೊದ್ದೆ ಮಾಡಿಕೊಳ್ಳುವ ಚಿತ್ರಗಳಲ್ಲಿ ದುರಂತ ಇನ್ನೂ ನಡೆದೇ ಇಲ್ಲ. ಚಿತ್ರಕಾರರು ಆಸೆಯನ್ನು ಬರೆದು, ಅದರ ಕೆಳಗೆ ನಮಗೆ ಸಂಕಟವನ್ನು ಓದಲು ಬಿಟ್ಟಿದ್ದಾರೆ. ಗಂಡಸು ಏನು ಮಾಡಿದ ಎಂಬುದು ಮುಂದಿನ ಪುಟದ ಮಾತು. ಆ ಪುಟಕ್ಕೆ ಚಿತ್ರ ಅಪರೂಪ.

ಎಚ್ಚರಿಕೆ: ಉಂಗುರವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ

ಪೆಟ್ಟಿಗೆಯಲ್ಲಿರುವ ಸಾಮಾನುಗಳಲ್ಲೆಲ್ಲ ಅಪಾಯಕಾರಿಯಾದದ್ದು ಉಂಗುರ. ಬರೆಯುವುದು ಬಲು ಸುಲಭ: ಒಂದು ಸೊನ್ನೆ, ಒಂದು ಕಲ್ಲು. ಪಕ್ಕದಲ್ಲಿ ಬಾಯಿ ತೆರೆದ ಮೀನು ಬರೆದರೆ ಅರ್ಧ ನಾಟಕ ಮುಗಿದಂತೆ.

ಆದರೆ ವ್ಯಾಸರ ಮಹಾಭಾರತದ ಆದಿಪರ್ವದಲ್ಲಿ ಉಂಗುರವೂ ಇಲ್ಲ, ಮೀನೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿನ ದುಷ್ಯಂತ ಏನನ್ನೂ ಮರೆತಿರುವುದಿಲ್ಲ. ಮಗನನ್ನು ಕರೆದುಕೊಂಡು ಬಂದ ಶಕುಂತಲೆಯನ್ನು ತುಂಬಿದ ಸಭೆಯಲ್ಲಿ, ಗೊತ್ತಿದ್ದೂ ಗೊತ್ತಿಲ್ಲ ಎನ್ನುತ್ತಾನೆ. ಅಶರೀರವಾಣಿ ಆದ ಮೇಲೆ, ಜನ ಒಪ್ಪಲಿ ಎಂದು ಹಾಗೆ ಮಾಡಿದೆ ಎನ್ನುತ್ತಾನೆ. ಶಾಪ, ಉಂಗುರ ಎರಡನ್ನೂ ತಂದು ದೊರೆಯ ಮರ್ಯಾದೆ ಉಳಿಸಿದವನು ಕಾಳಿದಾಸ. ನಾಟಕಕ್ಕೆ ಅದು ಬಹಳ ಒಳ್ಳೆಯದಾಯಿತು, ಅದರಲ್ಲಿ ಅನುಮಾನವಿಲ್ಲ. ದುಷ್ಯಂತನಿಗೆ ಅದಕ್ಕಿಂತ ಒಳ್ಳೆಯದಾಯಿತು. ಅಂದಿನಿಂದ ಯಾವ ಮಗುವನ್ನು ಕೇಳಿದರೂ ತಪ್ಪು ಮೀನಿನದು.

ನಳನಿಗೂ ಇಂಥದೇ ಅನುಕೂಲವಿದೆ. ಕಾಡಿನಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಬಟ್ಟೆ. ಮಲಗಿದ್ದ ದಮಯಂತಿಯ ಮೈಮೇಲಿನ ಆ ಬಟ್ಟೆಯನ್ನು ಕತ್ತರಿಸಿಕೊಂಡು ಅವನು ಹೊರಟುಹೋದ. ಮಾಡಿಸಿದ್ದು ಮೈಯೊಳಗೆ ಹೊಕ್ಕ ಕಲಿ. ಕನಕದಾಸರ ನಳಚರಿತ್ರೆಯನ್ನು ಭಾಮಿನಿಯಲ್ಲಿ ಓದಿ ಬೆಳೆದ ನಮಗೆ ಈ ಕಲಿಯ ಮೇಲೆ ಎಷ್ಟು ಸಿಟ್ಟೆಂದರೆ, ಕತ್ತಿ ಹಿಡಿದಿದ್ದ ಕೈ ಯಾರದು ಎಂದು ನೋಡಲು ಪುರುಸೊತ್ತೇ ಇರುವುದಿಲ್ಲ. ಈ ದೃಶ್ಯವನ್ನು ಬರೆದವರಿಲ್ಲವೆಂದಲ್ಲ. ಬರೆದಾಗ ನಳ ಪುಟದ ಅಂಚಿಗೆ ಸರಿದಿರುತ್ತಾನೆ, ಮುಖ ಆಚೆ ತಿರುಗಿರುತ್ತದೆ, ಅಥವಾ ಅವನೇ ಅಳುತ್ತಿರುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಸೀತಾ ಪರಿತ್ಯಾಗವನ್ನು ಬರೆಯಲು ಕೂತರೆ ಕೆಲಸ ಇನ್ನೂ ಹಗುರ. ಕಾಡಿನಲ್ಲಿ ಕಣ್ಣೀರು ಹಾಕುತ್ತ ನಿಂತವನು ಲಕ್ಷ್ಮಣ. ಅಪ್ಪಣೆ ಕೊಟ್ಟವನು ಅಯೋಧ್ಯೆಯಲ್ಲಿದ್ದಾನೆ, ಚೌಕಟ್ಟಿಗೆ ಸಿಗುವಷ್ಟು ಹತ್ತಿರದಲ್ಲಿಲ್ಲ.

ಒಟ್ಟಿನಲ್ಲಿ ಪೆಟ್ಟಿಗೆಯ ಸಾಮಾನು ಗಟ್ಟಿ, ಬಾಳಿಕೆ ಬರುವಂಥದು. ಆದರೆ ಅದನ್ನು ತಯಾರಿಸಿದ್ದು ಇನ್ನೊಂದು ಕಥೆಗೆ.

ಜೋಡಣೆ

ಸಂಕಮ್ಮನ ಕಥೆಯನ್ನು ಹೂಗ್ಯಂನವರಿಗೆ ಹೇಳುವುದು ಅಧಿಕಪ್ರಸಂಗ. ಆದರೂ ಪುಸ್ತಕ ಬೆಂಗಳೂರಿಗೂ ಹೋಗಬಹುದೆಂಬ ಆಸೆಯಿಂದ ಚುಟುಕಾಗಿ ಹೇಳುತ್ತೇವೆ. ಸೋಲಿಗರ ನೀಲೇಗೌಡ ಕುಲದವರ ಜೊತೆ ಜೇನಿಗೆ, ಬೇಟೆಗೆ ಕಾಡೊಳಗೆ ಹೋಗಬೇಕು. ಹೆಂಡತಿ ಸಂಕಮ್ಮ ಚೆಲುವೆ. ಮಕ್ಕಳಿಲ್ಲ. ತಾನಿಲ್ಲದಾಗ ಇನ್ನೊಬ್ಬನ ಕಣ್ಣು ಬಿದ್ದರೆ ಎಂಬ ಅನುಮಾನ ಅವನಿಗೆ. ಬಲಗೈ ಭಾಷೆ ಕೊಡು ಎನ್ನುತ್ತಾನೆ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂದು ಅವಳು ಒಪ್ಪುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ, ಕಟ್ಟಿಹಾಕುತ್ತಾನೆ, ಗುಡಿಸಲ ಸುತ್ತ ಮಾಟಮಂತ್ರದ ಕಾವಲಿಟ್ಟು ಹೊರಡುತ್ತಾನೆ. ಮಾದೇಶ್ವರ ಜಂಗಮನಾಗಿ ಬಂದು ಅವಳನ್ನು ಬಿಡಿಸಿ ಮಕ್ಕಳ ವರ ಕೊಡುತ್ತಾನೆ. ಹುಟ್ಟಿದ ಕಾರಯ್ಯ, ಬಿಲ್ಲಯ್ಯ ದೇವರ ಮಕ್ಕಳಾಗಿ ಅವನ ಹಿಂದೆ ಹೋಗುತ್ತಾರೆ. ನಡುವೆ ಗಂಡ ತಿರುಗಿ ಬಂದು, ಬಸುರಿಯಾದವಳಿಗೆ ಸತ್ಯ ಮಾಡು ಎಂದು ಮತ್ತೆ ಪರೀಕ್ಷೆ ಒಡ್ಡುತ್ತಾನೆ. ವಿವರಗಳು ಹಾಡುವವರಿಂದ ಹಾಡುವವರಿಗೆ ಬದಲಾಗುತ್ತವೆ. ನೀಲೇಗೌಡನ ಅನುಮಾನ ಬದಲಾಗುವುದಿಲ್ಲ.

ಈಗ ಪೆಟ್ಟಿಗೆಯ ಸಾಮಾನನ್ನು ಒಂದೊಂದಾಗಿ ಕೂರಿಸಿ ನೋಡಿ. ಒರಗುವ ಕಂಬ ಕೂರುವುದಿಲ್ಲ. ಸಂಕಮ್ಮ ಒರಗಿಲ್ಲ, ಕಟ್ಟಿಸಿಕೊಂಡಿದ್ದಾಳೆ. ತಾವರೆಯ ಕೊಳಕ್ಕೆ ನೀರೆಲ್ಲಿಂದ ತರುತ್ತೀರಿ? ದೂರದ ದಿಕ್ಕನ್ನು ನೋಡುತ್ತ ಗಂಡನಿಗಾಗಿ ಕಾಯುವವಳಲ್ಲ ಇವಳು. ಗಂಡ ಬಂದರೆ ಏನಾಗುತ್ತದೆ ಎಂಬುದು ಇವಳಿಗೆ ಚೆನ್ನಾಗಿ ಗೊತ್ತು. ಉಂಗುರವಿಲ್ಲ, ಶಾಪವಿಲ್ಲ, ಕಲಿ ಇಲ್ಲ. ನೀಲೇಗೌಡನ ಮೈಮೇಲೆ ಯಾರೂ ಬಂದಿರಲಿಲ್ಲ. ಅನುಮಾನ ಪಟ್ಟವನು ಅವನೇ, ಹಗ್ಗ ಬಿಗಿದವನೂ ಅವನೇ. ದೇವರಗುಡ್ಡರು ಕಂಸಾಳೆ ಬಡಿಯುತ್ತ ರಾತ್ರಿಯಿಡೀ ಈ ಸಾಲು ಹಾಡುವಾಗ ಅವನ ತಪ್ಪನ್ನು ಹೊರಲು ಒಂದು ಮೀನನ್ನೂ ಕರೆತರುವುದಿಲ್ಲ. ಸಂಸ್ಕೃತದ ದೊಡ್ಡ ಕವಿಗೆ ಇಲ್ಲದ ಧೈರ್ಯ ಈ ಹಾಡಿಗೆ ಎಲ್ಲಿಂದ ಬಂತು ಎಂದು ನನಗೆ ಆಗಾಗ ಅನ್ನಿಸುತ್ತದೆ. ದೊರೆಗಳ ಮುಂದೆ ಹಾಡಬೇಕಾದ ದರ್ದು ಇರಲಿಲ್ಲ ಎನ್ನುವುದೂ ಒಂದು ಕಾರಣವಿರಬಹುದು.

ಹಾಗಾಗಿ ಗುರುತಿನ ವಸ್ತುವಿನ ಜಾಗದಲ್ಲಿ ಕೈಯನ್ನು ಬಳಸಿ. ಅವನ ಚಾಚಿದ ಅಂಗೈ, ಅವಳ ಹಿಂದಕ್ಕೆ ಸರಿದ ಬಲಗೈ. ನಡುವೆ ಎರಡು ಬೆರಳಷ್ಟು ಖಾಲಿ ಹಾಳೆ ಬಿಡಿ, ಅಲ್ಲಿ ಬಣ್ಣ ಹಚ್ಚಬೇಡಿ. ಕಟ್ಟಿಹಾಕಿದ ದೃಶ್ಯಕ್ಕಿಂತ ಈ ದೃಶ್ಯವೇ ಮೇಲು ಎಂಬುದು ನಮ್ಮ ಸಲಹೆ. ಕಟ್ಟಿಹಾಕಿದ ಹೆಣ್ಣನ್ನು ಬರೆಯಹೊರಟರೆ ಎಷ್ಟೇ ಎಚ್ಚರವಿದ್ದರೂ ಸೆರಗು ಜಾರುತ್ತದೆ, ಸೊಂಟ ಬಳುಕುತ್ತದೆ, ರವಿವರ್ಮ ಕಿಟಕಿಯಿಂದ ಒಳಗೆ ಬಂದುಬಿಡುತ್ತಾನೆ. ಇಲ್ಲ ಎಂದ ಹೆಣ್ಣನ್ನು ಬರೆದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಹಿನ್ನೆಲೆಯ ವಿಷಯ. ಬಿದಿರು ಬರೆಯಿರಿ, ಒಣಗಿದ ಬೋಳುಗುಡ್ಡ ಬರೆಯಿರಿ. ಇಂದು ಮಲೆಯ ಉದ್ದಗಲಕ್ಕೂ ಹಬ್ಬಿರುವ ಲಾಂಟಾನವನ್ನು, ಕಣ್ಣೆದುರಿಗೇ ಇದೆಯೆಂದು ಸಂಕಮ್ಮನ ಹಿಂದೆ ಬರೆದುಬಿಡಬೇಡಿ. ಅದು ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ಬಂದ ಗಿಡ. ಗುಡಿಸಲು ಬಿದಿರು ಮತ್ತು ಹುಲ್ಲಿನದು. ಅಮೃತಶಿಲೆಯ ಮೆಟ್ಟಿಲು ನಿಮ್ಮ ಕುಂಚಕ್ಕೆ ಅಭ್ಯಾಸವಾಗಿದ್ದರೆ ಕುಂಚ ತೊಳೆದು ಬನ್ನಿ. ಮೈಬಣ್ಣಕ್ಕೆ ಶಿವಕಾಶಿಯ ಕ್ಯಾಲೆಂಡರಿನ ಗುಲಾಬಿ ಬೇಡ.

ನೀಲೇಗೌಡನ ಮುಖ

ಕೈಪಿಡಿಯ ಕಷ್ಟದ ಭಾಗ ಇದು. ಉಳಿದದ್ದನ್ನು ಬಿಟ್ಟು ಇದನ್ನೊಂದನ್ನೇ ಓದಿದರೂ ಅಡ್ಡಿಯಿಲ್ಲ.

ಮೊದಲ ಪ್ರಯತ್ನದಲ್ಲಿ ನೀವು ಅವನಿಗೆ ಕೆಂಪು ಕಣ್ಣು, ಗಿರಿಜಾ ಮೀಸೆ, ದಪ್ಪ ಹುಬ್ಬು ಕೊಡುತ್ತೀರಿ. ಚಂದಮಾಮದ ರಾಕ್ಷಸರನ್ನು ನೋಡಿ ಬೆಳೆದ ಕೈ ಬೇರೇನು ಮಾಡೀತು? ಆ ಹಾಳೆಯನ್ನು ಹರಿದುಹಾಕಿ. ರಾಕ್ಷಸನನ್ನು ಬರೆದರೆ ಉಂಗುರ ಬರೆದಂತೆಯೇ ಆಯಿತು. ಇಂಥ ಕೆಲಸ ಮಾಡುವವರು ಬೇರೆ ಜಾತಿಯ ಪ್ರಾಣಿಗಳು ಎಂದು ಓದುವ ಹುಡುಗ ನೆಮ್ಮದಿಯಾಗಿ ಪುಟ ತಿರುವುತ್ತಾನೆ. ಎರಡನೆಯ ಪ್ರಯತ್ನದಲ್ಲಿ ಅವನು ನಳನ ಹಾಗೆ ಅಳತೊಡಗುತ್ತಾನೆ. ಅದೂ ಬೇಡ.

ಅವನನ್ನು ಕಸುಬುಗಾರನನ್ನಾಗಿ ಬರೆಯಿರಿ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಯ ಹೊಟ್ಟೆಯಲ್ಲಿ, ಎತ್ತರದ ಮರದ ಕೊಂಬೆಯಲ್ಲಿ. ಬಳ್ಳಿಯ ಏಣಿ ಇಳಿಬಿಟ್ಟು, ಹೊಗೆ ಹಾಕಿ, ತಟ್ಟು ಕೊಯ್ದು ತರಬೇಕು. ಮೇಲೆ ಬಳ್ಳಿ ಹಿಡಿದವನನ್ನು ನಂಬದೆ ಕೆಳಗೆ ಇಳಿಯುವ ಹಾಗೇ ಇಲ್ಲ. ಇಂಥ ಕೆಲಸದಲ್ಲಿ ನೀಲೇಗೌಡ ಗಟ್ಟಿಗ. ಹೆಗಲ ಮೇಲೆ ಸುತ್ತಿದ ಬಳ್ಳಿ, ಸೊಂಟದಲ್ಲಿ ಕತ್ತಿ, ಕಾಲ ಬಳಿ ಜೇನು ತುಂಬುವ ಬಿದಿರಿನ ಕೊಳವೆ. ಹೊರಡಲು ತಯಾರಾಗಿ ನಿಂತ ಅವನ ಮುಖ ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ದಿನಾ ಕಾಣುವ ಯಾವ ಮುಖ ಬೇಕಾದರೂ ಆಗಬಹುದು. ಬಂಡೆಯ ಅಂಚಿನಲ್ಲಿ ಇನ್ನೊಬ್ಬ ಗಂಡಸಿನ ಕೈಗೆ ಪ್ರಾಣ ಕೊಟ್ಟು ನೇತಾಡಬಲ್ಲವನು ಮನೆಯಲ್ಲಿ ಹೆಂಡತಿಯ ಮಾತನ್ನು ನಂಬಲಾರ. ಇದನ್ನು ಮುಖದಲ್ಲಿ ತೋರಿಸುವುದು ಹೇಗೆ ಎಂದು ಕೇಳಬೇಡಿ. ಬಳ್ಳಿಯ ಗಂಟನ್ನು ಚೆನ್ನಾಗಿ ಬರೆಯಿರಿ. ಅದೇ ಗಂಟು ಮುಂದಿನ ಪುಟದಲ್ಲಿ ಅವಳ ಮಣಿಕಟ್ಟಿನ ಮೇಲೆ ಬರಲಿ.

ಪ್ರೀತಿ ಹೆಚ್ಚಾಗಿದ್ದರಿಂದಲೇ ಅನುಮಾನ ಬಂತು, ಆದ್ದರಿಂದ ಇದೂ ಪ್ರೇಮಕಥೆಯೇ ಎಂದು ವಾದಿಸುವವರು ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಗಂಡಸರು. ಅವರಿಗೆ ಟೀ ಕೊಡಿಸಿ ಕಳಿಸಿ.

ದೇವರನ್ನು ಎಲ್ಲಿ ನಿಲ್ಲಿಸಬೇಕು

ಹುಲಿಯ ಮೇಲೆ ಕೂತ ಮಾದಪ್ಪ ಈ ಸೀಮೆಯ ಪ್ರತಿ ಅಂಗಡಿಯಲ್ಲೂ ಇದ್ದಾನೆ. ಬರೆದರೆ ಪುಟ ಪೂರ್ತಿ ಅವನದೇ ಆಗುತ್ತದೆ, ಹುಲಿಗೂ ಪಾಲು ಹೋಗುತ್ತದೆ. ಈ ಸಾಲಿನಲ್ಲಿ ಅವನು ಬರುವುದು ಜಂಗಮನ ವೇಷದಲ್ಲಿ. ಹುಲಿಯನ್ನು ಪುಟದ ಹೊರಗೆ ಕಟ್ಟಿ. ಒಂದು ಬೆತ್ತದ ತುದಿ, ಬಾಗಿಲ ಹತ್ತಿರ ಒಂದು ನೆರಳು ಸಾಕು.

ತೊಂದರೆ ಕಂಡುಬಂದರೆ

ಬರೆದ ಸಂಕಮ್ಮ ದಮಯಂತಿಯ ಹಾಗೆ ಕಾಣುತ್ತಿದ್ದಾಳೆ. ಕತ್ತು ಎಷ್ಟು ಓರೆಯಾಗಿದೆ ನೋಡಿ. ನೇರ ಮಾಡಿ. ಕಣ್ಣು ಆಕಾಶ ನೋಡುತ್ತಿದ್ದರೆ ಗಂಡನ ಮುಖಕ್ಕೆ ತಿರುಗಿಸಿ.

ನೋಡಿಕೊಂಡು ಬರೆಯಲು ಹಳೆಯ ಚಿತ್ರವೊಂದು ಬೇಕಿತ್ತು. ದಮಯಂತಿಗೆ ಹಂಸವಿರುವ ಹಾಗೆ, ಕಂಡೊಡನೆ ಗುರುತು ಹಿಡಿಯುವಂಥ ಭಂಗಿಯೊಂದು ಸಂಕಮ್ಮನಿಗೆ ನಿಂತಿಲ್ಲ. ಮೈಸೂರಿನ ಕೆ. ವೆಂಕಟಪ್ಪನವರು ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥೆಗಳ ಪುಸ್ತಕಕ್ಕೆ ಅವನೀಂದ್ರನಾಥ ಠಾಕೂರರ ಉಸ್ತುವಾರಿಯಲ್ಲಿ ಚಿತ್ರ ಬರೆದುಕೊಟ್ಟರು. ಆ ಪುಸ್ತಕದ 32 ಬಣ್ಣದ ಪುಟಗಳಲ್ಲಿ ಮಾದಪ್ಪನ ಏಳುಮಲೆಯ ಕಥೆಗೆ ಜಾಗವಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕೊಳ್ಳೇಗಾಲ ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರವರೆಗೂ ಅಲ್ಲೇ ಇತ್ತು. ಮೈಸೂರಿನ ಅರಮನೆಯ ಕಲಾವಿದರಿಗೆ ಇದು ಹೊರಗಿನ ಸೀಮೆ, ಮದರಾಸಿನ ಪತ್ರಿಕೆಯವರಿಗೆ ದೂರದ ಕಾಡು. ಕಥೆಯೋ, ಗುಡ್ಡರ ನಾಲಿಗೆಯ ಮೇಲಿತ್ತು. ಪಿ.ಕೆ. ರಾಜಶೇಖರ ಅವರಂಥವರು ಹಾಡಿಸಿ ಬರೆದುಕೊಂಡು ದೊಡ್ಡ ಪುಸ್ತಕವಾಗಿ ತಂದದ್ದು 1970ರ ದಶಕದಲ್ಲಿ. ಹೆಬ್ಬಣಿ ಮಾದಯ್ಯನವರು ಹಾಡಿ ಕೇಶವನ್ ಪ್ರಸಾದ್ ಸಂಗ್ರಹಿಸಿದ ಪಾಠ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿನಲ್ಲಿ ಬಂದದ್ದು 2001ರಲ್ಲಿ. ಆದ್ದರಿಂದ ನೋಡಿಕೊಂಡು ಬರೆಯಲು ಏನೂ ಸಿಗದಿರುವುದನ್ನು ದೋಷವೆಂದು ಪರಿಗಣಿಸಿ ಪೆಟ್ಟಿಗೆಯನ್ನು ಹಿಂದಿರುಗಿಸಲು ಬರುವುದಿಲ್ಲ.

ಮಕ್ಕಳ ಪುಸ್ತಕದಲ್ಲಿ ಇಂಥ ಚಿತ್ರ ಬೇಕೇ ಎಂದು ಮೇಷ್ಟ್ರು ಕೇಳುತ್ತಾರೆ. ಮಾದಪ್ಪನ ಜಾತ್ರೆಯಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿ ಈ ಸಾಲನ್ನು ಕೇಳಿದ ಮಕ್ಕಳು ಅವರ ತರಗತಿಯಲ್ಲೇ ಇದ್ದಾರೆ ಎಂದು ತಿಳಿಸಿ.

ಸಂತೋಷದ ಪ್ರೇಮಕಥೆಯೇ ಬೇಕು ಎನ್ನುತ್ತಾರೆ ಪ್ರಕಾಶಕರು. ಯಳಂದೂರಿನ ಕಡೆಗೆ ಕೈ ತೋರಿಸಿ. ಬಿಳಿಗಿರಿಯ ರಂಗಪ್ಪ ಸೋಲಿಗರ ಕುಸುಮಾಲೆಯನ್ನು ಒಲಿಸಿಕೊಂಡು ಹೋದ ಕಥೆ ಅಲ್ಲಿದೆ. ಹೆಣ್ಣು ತಮ್ಮ ಮನೆಯದಾದ್ದರಿಂದ ಸೋಲಿಗರು ಇವತ್ತಿಗೂ ದೇವರನ್ನು ಬಾವ ಎನ್ನುತ್ತಾರೆ. ಅದಕ್ಕೆ ಬೇರೆ ಕೈಪಿಡಿ ಇದೆ. ಅದರಲ್ಲಿ ಕೊಳವನ್ನೂ ಹಂಸವನ್ನೂ ಧಾರಾಳವಾಗಿ ಬಳಸಬಹುದು.

ಗುಡ್ಡರೊಬ್ಬರು ಚಿತ್ರ ನೋಡಿ, "ಅದೇನ್ ಬುದ್ಧಿ, ಅವ್ವನ ಕೈಗೆ ಇಷ್ಟೊಂದು ಬಳೆ ತೊಡ್ಸಿದ್ದೀರಿ? ಕಾಡಲ್ಲಿದ್ದೋಳು ಕನಾ" ಎನ್ನುತ್ತಾರೆ. ವಾದ ಮಾಡಬೇಡಿ, ಅಳಿಸಿ. ಅವರು ಇನ್ನೂ ನಾಲ್ಕು ತಪ್ಪು ತೋರಿಸುತ್ತಾರೆ. ಎಲ್ಲವನ್ನೂ ಬರೆದುಕೊಳ್ಳಿ, ಕೂರಲು ಚಾಪೆ ಕೊಡಿ.

ಚಿತ್ರದ ಅಡಿಬರಹ

ಪುಸ್ತಕ ಮಾಡುವವರು ಚಿತ್ರದ ಕೆಳಗೆ ‘ಸಂಕಮ್ಮನ ಸಂಕಟ’ ಎಂದು ಹಾಕಲು ನೋಡುತ್ತಾರೆ. ಸಂಕಟ ಮಳೆಯ ಹಾಗೆ ತಾನಾಗಿ ಸುರಿಯಿತು ಎಂಬ ಅರ್ಥ ಬರುತ್ತದೆ. ಬಿಡಬೇಡಿ. ‘ನೀಲೇಗೌಡ ಸಂಕಮ್ಮನ ಬಲಗೈ ಭಾಷೆ ಕೇಳಿದ್ದು, ಅವಳು ಕೊಡದಿದ್ದದ್ದು’ ಎಂದು ನೀವೇ ಬರೆದುಕೊಡಿ. ಸಾಲು ಉದ್ದವಾಯಿತು, ಒಂದೇ ಲೈನಿಗೆ ಬರುತ್ತಿಲ್ಲ ಎಂದು ಡಿಟಿಪಿ ಮಾಡುವ ಹುಡುಗ ಫೋನು ಮಾಡಿದರೆ ಅಕ್ಷರದ ಅಳತೆ ಒಂದು ಪಾಯಿಂಟು ಇಳಿಸಲು ಹೇಳಿ. ಆದರೂ ಕೂರದಿದ್ದರೆ ಚಿತ್ರವನ್ನು ಕಾಲಂಗುಲ ಮೇಲಕ್ಕೆ ಸರಿಸಿ, ಎರಡು ಲೈನು ಮಾಡಲಿ. ಗಂಡನ ಹೆಸರು ಮೊದಲ ಲೈನಿನಲ್ಲೇ ಇರಲಿ.